ಹಳೇ ವೆಬ್‌ಸೈಟಿನ ಆಡಿಯೋ ತೆರೆಯುವುದಿಲ್ಲ, ಪ್ಲಗಿನ್ ನಂಬಿ ಕೆಟ್ಟೆ. ನಿಮಗೂ ಹೀಗಾಗಿದೆಯಾ?

ಕಿನ್ನಿಮುಲ್ಕಿ ಕೇಳುಗ (ಭಾನುವಾರ, ಬೆಳಿಗ್ಗೆ 10.15)

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದದ ಕಥೆ, ಚಾ ಹಿಡಿದುಕೊಂಡು ಕೂತು ಓದಿ.

ನನ್ನ ದೊಡ್ಡಪ್ಪ ತಾಳಮದ್ದಳೆಯ ಅರ್ಥಧಾರಿ, ಅಂದರೆ ವೇಷ, ಕುಣಿತ ಇಲ್ಲದ ಯಕ್ಷಗಾನ ಕೂಟದಲ್ಲಿ ಕೂತು ಪಾತ್ರದ ಮಾತು ಆಡುವವರು. ದೊಡ್ಡ ಹೆಸರಿನವರೇನಲ್ಲ. ಮಳೆಗಾಲದಲ್ಲಿ ಉಡುಪಿ ಆಸುಪಾಸು ಎಲ್ಲಿ ಕೂಟ ಇದ್ದರೂ ಕರೆದರೆ ಹೋಗುತ್ತಿದ್ದರು. ಆ ಕೂಟಗಳ 22 ಕ್ಯಾಸೆಟ್ ಮನೆಯಲ್ಲಿದ್ದವು. 2003ರಲ್ಲಿ ನಮ್ಮ ಭಾವ ಮಸ್ಕತ್‌ನಿಂದ ರಜೆಗೆ ಬಂದವರು ಅದನ್ನೆಲ್ಲ ಕಂಪ್ಯೂಟರಿಗೆ ಇಳಿಸಿ ಒಂದು ವೆಬ್‌ಸೈಟ್ ಮಾಡಿದರು. ರಿಯಲ್‌ಪ್ಲೇಯರಿನ ಪ್ಲಗಿನ್ (ಬ್ರೌಸರಿಗೆ ಸೇರಿಸಿಕೊಳ್ಳುವ ಬೇರೆ ಕಂಪನಿಯ ಪ್ರೋಗ್ರಾಂ) ಹಾಕಿಕೊಂಡರೆ ಪುಟದ ಮಧ್ಯದಲ್ಲೇ ಒಂದು ಕಪ್ಪು ಪಟ್ಟಿ ಬರುತ್ತಿತ್ತು. ಬಫರಿಂಗ್, ಬಫರಿಂಗ್, ಬಫರಿಂಗ್, ಆಮೇಲೆ ದೊಡ್ಡಪ್ಪನ ಸ್ವರ. ಅದೂ ಡಯಲಪ್‌ನಲ್ಲಿ! ಸೈಬರ್ ಕೆಫೆಗೆ ದೊಡ್ಡಪ್ಪನನ್ನೇ ಕರೆದುಕೊಂಡು ಹೋಗಿ ಕೇಳಿಸಿದ್ದೆ. ಹೆಡ್‌ಫೋನ್ ಹಾಕಿಕೊಂಡು ತಮ್ಮ ಅರ್ಥಕ್ಕೆ ತಾವೇ ತಲೆ ಆಡಿಸಿದರು.

2009ರಲ್ಲಿ ಸೈಟಿಗೆ ದುಡ್ಡು ಕಟ್ಟುವುದು ನಿಲ್ಲಿಸಿದೆವು. ನಿಲ್ಲಿಸುವ ಮೊದಲು ನಾನೇ ಕೂತು ಒಂದೊಂದು ಲಿಂಕಿನ ಮೇಲೂ ರೈಟ್ ಕ್ಲಿಕ್ ಮಾಡಿ, ಸೇವ್ ಮಾಡಿ, ಸಿಡಿಗೆ ಬರೆದು ಬೀರುವಿನಲ್ಲಿಟ್ಟೆ. ಕ್ಯಾಸೆಟ್‌ಗಳಿಗೆ ಎರಡು ಮಳೆಗಾಲದಲ್ಲಿ ಬೂಷ್ಟು ಹಿಡಿಯಿತು. ಸಿಡಿ ಉಂಟಲ್ಲ ಅಂತ ಬಿಸಾಡಿದೆವು.

ಬರುವ ತಿಂಗಳಿಗೆ ದೊಡ್ಡಪ್ಪ ತೀರಿಹೋಗಿ ಒಂದು ವರ್ಷ. ಆ ದಿನ ಮನೆಯಲ್ಲಿ ಕೇಳಿಸುವ ಅಂತ ನಿನ್ನೆ ಸಿಡಿ ಹಾಕಿದೆ. 22 ಫೈಲ್ ಉಂಟು. ಒಂದೊಂದೂ 1 ಕೆಬಿ! ನೋಟ್‌ಪ್ಯಾಡಿನಲ್ಲಿ ತೆರೆದೆ. ಒಳಗೆ ಒಂದೇ ಸಾಲು, ಆರ್‌ಟಿಎಸ್‌ಪಿ ಅಂತ ಶುರುವಾಗುವ ಒಂದು ವಿಳಾಸ. ಅಷ್ಟೇ. ದೊಡ್ಡಮ್ಮನಿಗೆ ಇನ್ನೂ ಹೇಳಿಲ್ಲ. ಮಂಡೆಬಿಸಿಯಾಗಿ ಕೂತಿದ್ದೇನೆ. ಎಂತ ಮಾಡಬಹುದು?

ಮಣಿಪಾಲ ಹಾಸ್ಟೆಲ್ (10.40)

ಸರ್, ಬೇಸರದ ಸುದ್ದಿ. ನೀವು ಸೇವ್ ಮಾಡಿದ್ದು ಆಡಿಯೋ ಅಲ್ಲ, ಚೀಟಿ. ಅದರ ಕೊನೆಗೆ ಡಾಟ್ ರ‍್ಯಾಮ್ ಅಂತ ಇರಬೇಕು, ನೋಡಿ. ಅದರ ಕೆಲಸ ಇಷ್ಟೇ: ಪ್ಲಗಿನ್‌ಗೆ 'ಹಾಡು ಇಂಥ ಸರ್ವರ್‌ನಲ್ಲಿದೆ, ಅಲ್ಲಿ ಹೋಗಿ ಕೇಳು' ಅಂತ ಹೇಳುವುದು. ನಿಜವಾದ ಆಡಿಯೋ ಡಾಟ್ ಆರ್‌ಎಂ ಫೈಲ್. ಅದು ಸರ್ವರ್‌ನಲ್ಲೇ ಇದ್ದು, ಅಲ್ಲಿಂದ ಆರ್‌ಟಿಎಸ್‌ಪಿ ಅನ್ನುವ ನಿಯಮದ ಪ್ರಕಾರ ಸ್ವಲ್ಪಸ್ವಲ್ಪವೇ ಹರಿದು ಬರುತ್ತಿತ್ತು.

ಕೆಲವು ಸೈಟ್‌ಗಳನ್ನು ಇಂಟರ್‌ನೆಟ್ ಆರ್ಕೈವ್‌ನವರು ಉಳಿಸಿರುತ್ತಾರೆ. ಆದರೆ ಅವರ ರೋಬೋಟ್ ಮಾಮೂಲಿ ಎಚ್‌ಟಿಟಿಪಿ ಲಿಂಕ್‌ಗಳನ್ನು ಹಿಡಿಯುತ್ತೆ, ಆರ್‌ಟಿಎಸ್‌ಪಿ ಹೊಳೆಯನ್ನು ಹಿಡಿಯುವುದಿಲ್ಲ. ನಿಮ್ಮ ಸೈಟಿನ ಬಣ್ಣ, ಫೋಟೋ ಎಲ್ಲ ಸಿಗಬಹುದು. ಸ್ವರ ಸಿಗುವುದು ಅನುಮಾನ.

ಭಾವನ ಹತ್ತಿರ ಮೂಲ ಫೈಲ್ ಇದೆಯಾ ಕೇಳಿ. ಒಂದು ಗಂಟೆಯ ಕೂಟ ಡಯಲಪ್‌ಗೆ ಅಂತ 20 ಕೆಬಿಪಿಎಸ್‌ನಲ್ಲಿ ಮಾಡಿದ್ದರೆ ಸುಮಾರು 9 ಎಂಬಿ ಆಗುತ್ತೆ. ಎಲ್ಲ ಸೇರಿ ಒಂದು ಹಳೇ ಸಿಡಿಯಲ್ಲಿ ಕೂತಿರಬಹುದು.

ಕಿನ್ನಿಮುಲ್ಕಿ ಕೇಳುಗ (10.52)

ಚೀಟಿ! ಹದಿನೈದು ವರ್ಷ ಚೀಟಿಯನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದ್ದೇನೆ ಮಾರಾಯ್ರೆ. ಬ್ರೌಸರಿನಲ್ಲಿ ಸ್ವರ ಕೇಳುತ್ತಿತ್ತು, ಹಾಗಾಗಿ ಕೈಯಲ್ಲಿ ಉಂಟು ಅಂದುಕೊಂಡೆ. ಭಾವನಿಗೆ ಮೆಸೇಜ್ ಹಾಕಿದ್ದೇನೆ.

ಹಂಪನಕಟ್ಟೆ ಡಿಸೈನರ್ (11.30)

ಎಲ್ಲರೂ ಪ್ಲಗಿನ್‌ಗೆ ಬೈಯುವ ಮೊದಲು ನನ್ನದೂ ಸ್ವಲ್ಪ ಕೇಳಿ. 2004ರಿಂದ ಆರು ವರ್ಷ ಫ್ಲ್ಯಾಶ್ ಸೈಟ್ ಮಾಡಿಯೇ ಹೊಟ್ಟೆ ಹೊರೆದವನು ನಾನು. ಫ್ಲ್ಯಾಶ್ ಅಂದರೆ ವೆಬ್ ಪುಟದಲ್ಲಿ ಚಲಿಸುವ ಚಿತ್ರ, ವಿಡಿಯೋ ಓಡಿಸುತ್ತಿದ್ದ ಪ್ಲಗಿನ್. ಆಗ ಬೇರೆ ದಾರಿ ಎಲ್ಲಿತ್ತು? ವೆಬ್ ಪುಟ ಬರೆಯುವ ಎಚ್‌ಟಿಎಂಎಲ್ ಭಾಷೆಯಲ್ಲಿ ಫೋಟೋಗೆ ಟ್ಯಾಗ್ ಇತ್ತು, ವಿಡಿಯೋಗೆ ಇರಲಿಲ್ಲ. ಒಪೆರಾ ಬ್ರೌಸರಿನವರು ವಿಡಿಯೋ ಟ್ಯಾಗ್ ಬೇಕು ಅಂತ ಮುಂದಿಟ್ಟದ್ದೇ 2007ರಲ್ಲಿ. ಆ ಟ್ಯಾಗ್ ಇರುವ ಎಚ್‌ಟಿಎಂಎಲ್5 ಅಧಿಕೃತ ಆದದ್ದು 2014ರ ಅಕ್ಟೋಬರ್‌ನಲ್ಲಿ. ಯೂಟ್ಯೂಬ್ 2005ರಲ್ಲಿ ಎದ್ದು ನಿಂತದ್ದು ಫ್ಲ್ಯಾಶ್ ಬೆನ್ನ ಮೇಲೆ. ಅದು ಫ್ಲ್ಯಾಶ್ ಬಿಟ್ಟು ಎಚ್‌ಟಿಎಂಎಲ್5 ಅನ್ನೇ ಮುಖ್ಯ ಮಾಡಿಕೊಳ್ಳಲು 2015ರ ಜನವರಿ ಬರಬೇಕಾಯಿತು.

ಹಾಗಂತ ನಾವು ಮಾಡಿದ್ದೆಲ್ಲ ಸರಿ ಅನ್ನುವುದಿಲ್ಲ. ಒಂದು ಮೀನಿನ ಹೋಟೆಲಿಗೆ ಇಂಟ್ರೋ ಮಾಡಿದ್ದೆ. ಅಂಜಲ್ ಮೀನು ಈಜಿಕೊಂಡು ಬರುತ್ತೆ, ಪರದೆಗೆ ಒಂದು ಸುತ್ತು ಹಾಕುತ್ತೆ, ತಟ್ಟೆಯ ಮೇಲೆ ಬಂದು ಮಲಗುತ್ತೆ, ಮಸಾಲೆ ಬಣ್ಣ ಏರುತ್ತೆ. ಹಬೆ ಕೂಡ ಬರುತ್ತಿತ್ತು! ಧಣಿ ಖುಷಿಯಾಗಿ ಹೇಳಿದ್ದಕ್ಕಿಂತ ಎರಡು ಸಾವಿರ ಜಾಸ್ತಿ ಕೊಟ್ಟರು.

ಹೋಟೆಲಿನ ಫೋನ್ ನಂಬರೂ ಅದೇ ಫ್ಲ್ಯಾಶ್ ಒಳಗೇ ಇತ್ತು. ಇನ್ನು ಕನ್ನಡ ಅಕ್ಷರದ ಪಾಡು ಕೇಳಬೇಡಿ. ಆಗಿನ ಫ್ಲ್ಯಾಶ್‌ನಲ್ಲಿ ಒತ್ತಕ್ಷರ ಸರಿಯಾಗಿ ಕೂರುತ್ತಿರಲಿಲ್ಲ. ಹಾಗಾಗಿ ನುಡಿ ಫಾಂಟಿನಲ್ಲಿ ಬರೆದು, ಕಂಟ್ರೋಲ್ ಬಿ ಎರಡು ಸಲ ಒತ್ತಿ, ಅಕ್ಷರವನ್ನು ಒಡೆದು ಬರೀ ಚಿತ್ರ ಮಾಡಿಬಿಡುತ್ತಿದ್ದೆವು. ನೋಡಲು ಚಂದ. ಗೂಗಲ್‌ಗೆ ಅಲ್ಲಿ ಒಂದು ಅಕ್ಷರವೂ ಇಲ್ಲ. ಹೋಟೆಲಿನ ಹೆಸರು ಹಾಕಿ ಹುಡುಕಿದರೆ ಪಕ್ಕದ ಬೀದಿಯ ಹೋಟೆಲ್ ಮೊದಲು ಬರುತ್ತಿತ್ತು.

2010ರಲ್ಲಿ ಅದೇ ಧಣಿ ಮಗ ತಂದುಕೊಟ್ಟ ಐಫೋನ್ ಹಿಡಿದುಕೊಂಡು ಬಂದರು. 'ನನ್ನ ಮೀನೆಲ್ಲಿ?' ಅಂತ ಕೇಳಿದರು. ಖಾಲಿ ಚೌಕ. ಐಫೋನ್‌ಗೆ ಫ್ಲ್ಯಾಶ್ ಯಾವತ್ತೂ ಬರಲೇ ಇಲ್ಲ. ಅದೇ ವರ್ಷ ಏಪ್ರಿಲ್‌ನಲ್ಲಿ ಸ್ಟೀವ್ ಜಾಬ್ಸ್ ಬಹಿರಂಗ ಪತ್ರ ಬರೆದು, ಮ್ಯಾಕ್ ಕ್ರ್ಯಾಶ್ ಆಗಲು ಮೊದಲ ಕಾರಣವೇ ಫ್ಲ್ಯಾಶ್ ಅಂದರು. ಆಗ ನನಗೆ ಸಿಟ್ಟು ಬಂದಿತ್ತು. ಮರುವರ್ಷ ನವೆಂಬರ್‌ನಲ್ಲಿ ಫ್ಲ್ಯಾಶ್‌ನ ಒಡೆಯರಾದ ಅಡೋಬಿಯವರೇ ಮೊಬೈಲ್ ಬ್ರೌಸರಿಗೆ ಇನ್ನು ಫ್ಲ್ಯಾಶ್ ಮಾಡುವುದಿಲ್ಲ ಅಂದಾಗ ಸಿಟ್ಟು ಮಾಡಲು ಯಾರೂ ಉಳಿದಿರಲಿಲ್ಲ.

ಬಿಜೈ ಸೆಕ್ರೆಟರಿ (12.05)

ಮೀನಿನ ಕಥೆ ಓದಿ ಹಸಿವಾಯಿತು.

ನನ್ನದು ಹಳೇ ಕಥೆಯಲ್ಲ, ಈಗಿನದ್ದೇ. ನಮ್ಮ ಅಪಾರ್ಟ್‌ಮೆಂಟಿನ ಸಿಸಿಟಿವಿ ಡಿವಿಆರ್ (ರೆಕಾರ್ಡ್ ಮಾಡುವ ಪೆಟ್ಟಿಗೆ) ಹತ್ತು ವರ್ಷ ಹಳತು. ಕ್ಯಾಮೆರಾ ಎಲ್ಲ ಸರಿ ಉಂಟು. ಕಂಪ್ಯೂಟರಿನಲ್ಲಿ ನೋಡುವ ಅಂದರೆ 'ಪ್ಲಗಿನ್ ಡೌನ್‌ಲೋಡ್ ಮಾಡಿ' ಅನ್ನುತ್ತೆ. ಮಾಡಿದರೆ, ಹಾಕಿದರೆ, ಪುನಃ 'ಪ್ಲಗಿನ್ ಡೌನ್‌ಲೋಡ್ ಮಾಡಿ'. ಕ್ರೋಮ್‌ನಲ್ಲೂ ಅದೇ, ಫೈರ್‌ಫಾಕ್ಸ್‌ನಲ್ಲೂ ಅದೇ. ಹಾಕಿಕೊಟ್ಟವರು 'ಇಂಟರ್‌ನೆಟ್ ಎಕ್ಸ್‌ಪ್ಲೋರರ್‌ನಲ್ಲಿ ತೆರೆಯಿರಿ' ಅಂತಾರೆ. ಅದು 2022ರ ಜೂನ್‌ನಲ್ಲೇ ನಿವೃತ್ತಿಯಾಗಿ ಮನೆಗೆ ಹೋಗಿದೆ. ಹೋದ ತಿಂಗಳು ಪಾರ್ಕಿಂಗ್‌ನಲ್ಲಿ ಯಾರೋ ಒಂದು ಕಾರಿಗೆ ಗೀರಿ ಹೋದರು. ಮೀಟಿಂಗ್‌ನಲ್ಲಿ ಎಲ್ಲರೂ ನನ್ನ ಮುಖ ನೋಡುತ್ತಾರೆ. ನಾನು ಖಾಲಿ ಚೌಕ ನೋಡುತ್ತಿದ್ದೇನೆ.

ಮಣಿಪಾಲ ಹಾಸ್ಟೆಲ್ (12.20)

ಸೆಕ್ರೆಟರಿ ಸರ್, ಅದು ಆಕ್ಟಿವ್‌ಎಕ್ಸ್ ಅನ್ನುವ ಬಗೆಯ ಪ್ಲಗಿನ್. ಎಕ್ಸ್‌ಪ್ಲೋರರ್ ಬಿಟ್ಟು ಬೇರೆಲ್ಲೂ ನಡೆಯುವುದಿಲ್ಲ. ಸದ್ಯಕ್ಕೆ ಎಡ್ಜ್ ಬ್ರೌಸರಿನ ಸೆಟ್ಟಿಂಗ್ಸ್‌ನಲ್ಲಿ ಐಇ ಮೋಡ್ (ಪುಟವನ್ನು ಎಕ್ಸ್‌ಪ್ಲೋರರ್ ಹಾಗೆ ತೆರೆಯುವುದು) ಆನ್ ಮಾಡಿ, ಡಿವಿಆರ್ ವಿಳಾಸವನ್ನು ಆ ಪಟ್ಟಿಗೆ ಸೇರಿಸಿ. ಕೆಲಸ ಮಾಡುತ್ತೆ. ಆದರೆ 30 ದಿನಕ್ಕೊಮ್ಮೆ ಆ ಸೇರ್ಪಡೆ ಅಳಿದುಹೋಗುತ್ತೆ, ಪುನಃ ಸೇರಿಸಬೇಕು. 2029ರವರೆಗಾದರೂ ಐಇ ಮೋಡ್ ಇಡುತ್ತೇವೆ ಅಂತ ಮೈಕ್ರೋಸಾಫ್ಟ್ ಹೇಳಿದೆ.

ಅದಕ್ಕಿಂತ ಚಂದದ ದಾರಿ ಇನ್ನೊಂದು ಉಂಟು. ಡಿವಿಆರ್ ಜೊತೆ ಬಂದ ಪುಸ್ತಕದಲ್ಲಿ ಆರ್‌ಟಿಎಸ್‌ಪಿ ವಿಳಾಸ ಅಂತ ಇರುತ್ತೆ. ವಿಎಲ್‌ಸಿ ಪ್ಲೇಯರ್ ತೆರೆದು, ಕಂಟ್ರೋಲ್ ಎನ್ ಒತ್ತಿ, ಆ ವಿಳಾಸ ಹಾಕಿ. ಬ್ರೌಸರೂ ಬೇಡ, ಪ್ಲಗಿನ್ನೂ ಬೇಡ.

ಕಿನ್ನಿಮುಲ್ಕಿ ಕೇಳುಗ (12.26)

ಒಂದ್ನಿಮಿಷ. ಆರ್‌ಟಿಎಸ್‌ಪಿ ಅಂದರೆ ನನ್ನ ಚೀಟಿಯಲ್ಲಿ ಇರುವುದೇ ಅಲ್ವಾ?

ಮಣಿಪಾಲ ಹಾಸ್ಟೆಲ್ (12.38)

ಅದೇ! ರಿಯಲ್‌ನೆಟ್‌ವರ್ಕ್ಸ್, ನೆಟ್‌ಸ್ಕೇಪ್, ಕೊಲಂಬಿಯಾ ವಿಶ್ವವಿದ್ಯಾಲಯ ಸೇರಿ ಮಾಡಿದ್ದು, 1998ರಲ್ಲಿ ಎಲ್ಲರಿಗೂ ತೆರೆದಿಟ್ಟ ನಿಯಮ ಅದು. ನಿಮ್ಮ ದೊಡ್ಡಪ್ಪನ ಸ್ವರ ಯಾವ ದಾರಿಯಲ್ಲಿ ಬರುತ್ತಿತ್ತೋ ಬಿಜೈಯ ಪಾರ್ಕಿಂಗೂ ಅದೇ ದಾರಿಯಲ್ಲಿ ಬರುತ್ತೆ. ನಿಯಮ ಯಾರದ್ದೂ ಅಲ್ಲ, ಬರೆದಿಟ್ಟದ್ದನ್ನು ಓದಿ ಯಾರು ಬೇಕಾದರೂ ಪ್ಲೇಯರ್ ಮಾಡಬಹುದು. ಹಾಗಾಗಿ ಅದು ಇನ್ನೂ ಉಸಿರಾಡುತ್ತಿದೆ. ಪ್ಲಗಿನ್ ಹಾಗಲ್ಲ, ಒಂದು ಕಂಪನಿಯ ಸೊತ್ತು. ಅವರು ಸಾಕು ಅಂದ ದಿನ ಮುಗಿಯಿತು.

ಇನ್ನೊಂದು, ತುಂಬ ಜನ ಪ್ಲಗಿನ್ ಮತ್ತು ಎಕ್ಸ್‌ಟೆನ್ಷನ್ ಎರಡೂ ಒಂದೇ ಅಂದುಕೊಳ್ಳುತ್ತಾರೆ. ಜಾಹೀರಾತು ತಡೆಯುವಂಥದ್ದು ಎಕ್ಸ್‌ಟೆನ್ಷನ್. ಬ್ರೌಸರ್ ಹಾಕಿದ ಗೆರೆಯೊಳಗೆ ಇರುತ್ತೆ. ಹಳೇ ಕಾಲದ ಪ್ಲಗಿನ್ ಬೇರೆಯೇ ಪ್ರೋಗ್ರಾಂ. ಒಮ್ಮೆ ಒಳಗೆ ಬಂದರೆ ನಿಮ್ಮ ಲಾಗಿನ್‌ನಲ್ಲಿ ನೀವು ಎಂತೆಲ್ಲ ಮಾಡಬಹುದೋ ಅದೆಲ್ಲವನ್ನೂ ಅದೂ ಮಾಡಬಹುದಿತ್ತು. ಅದರಲ್ಲಿ ತೂತು ಸಿಕ್ಕಿದರೆ ಬ್ರೌಸರ್ ಮಾಡಿದವರಿಗೆ ಮುಚ್ಚಲು ಆಗುವುದಿಲ್ಲ, ಕೋಡ್ ಅವರದ್ದಲ್ಲವಲ್ಲ. 2015ರ ಜುಲೈನಲ್ಲಿ ಇಂಥ ತೂತುಗಳು ಬಯಲಾದಾಗ ಫೈರ್‌ಫಾಕ್ಸ್‌ನವರು ಮಾಡಬಹುದಾಗಿದ್ದು ಒಂದೇ: ತೇಪೆ ಬರುವವರೆಗೆ ಫ್ಲ್ಯಾಶನ್ನು ತಡೆದು ನಿಲ್ಲಿಸುವುದು. ಅದೇ ಸೆಪ್ಟೆಂಬರ್‌ನಲ್ಲಿ ಕ್ರೋಮ್ 45ನೇ ಆವೃತ್ತಿ ಹಳೇ ಬಗೆಯ ಪ್ಲಗಿನ್‌ಗಳಿಗೆ ಬಾಗಿಲನ್ನೇ ಹಾಕಿತು. ಜಾವಾ, ಸಿಲ್ವರ್‌ಲೈಟ್ ಎಲ್ಲ ಹೊರಗೆ ಉಳಿದವು.

ಲೆಕ್ಕದ ಪುಸ್ತಕ (2.10)

ಆ ಸೆಪ್ಟೆಂಬರ್ ನನಗೆ ಚೆನ್ನಾಗಿ ನೆನಪಿದೆ. ತೆರಿಗೆ ರಿಟರ್ನ್ ಹಾಕುವ ತಿಂಗಳು. ಆಗ ನಾನು ಮಂಗಳೂರಿನ ಒಂದು ಲೆಕ್ಕಪರಿಶೋಧಕರ ಆಫೀಸಿನಲ್ಲಿ ಆರ್ಟಿಕಲ್‌ಶಿಪ್ (ಸಿಎ ತರಬೇತಿ) ಮಾಡುತ್ತಿದ್ದೆ. ಡಿಜಿಟಲ್ ಸಹಿ ಹಾಕಲು ಒಂದು ಪೋರ್ಟಲ್‌ಗೆ ಜಾವಾ ಬೇಕಿತ್ತು, ಅದೂ ಒಂದು ಗೊತ್ತಾದ ಹಳೇ ಆವೃತ್ತಿಯೇ ಆಗಬೇಕು. ಹೊಸದು ಹಾಕಿದರೆ ಆಗುವುದಿಲ್ಲ, ಇನ್ನೂ ಹಳತು ಹಾಕಿದರೂ ಆಗುವುದಿಲ್ಲ. ಆಫೀಸಿನ ಮೂಲೆಯಲ್ಲಿ ಅದಕ್ಕೆಂದೇ ಒಂದು ಕಂಪ್ಯೂಟರ್ ಇತ್ತು. ಮಾನಿಟರಿನ ಮೇಲೆ ಸೆಲೋಟೇಪ್ ಹಾಕಿ ಒಂದು ಚೀಟಿ: 'ಅಪ್‌ಡೇಟ್ ಕೇಳಿದರೆ ಬೇಡ ಅನ್ನಿ'. ಆಫೀಸಿನ ಎಲ್ಲ ಗಿರಾಕಿಗಳ ಗುಟ್ಟು ಇರುವ ಕಂಪ್ಯೂಟರೇ ಎಲ್ಲಕ್ಕಿಂತ ಅಸುರಕ್ಷಿತ. ಯಾರೂ ಮಾತಾಡುತ್ತಿರಲಿಲ್ಲ, ಯಾಕೆಂದರೆ ಕೊನೇ ದಿನಾಂಕ ಹತ್ತಿರ ಬರುತ್ತಿತ್ತು.

ಈಗ ಜಾವಾ ಪ್ಲಗಿನ್ ಹೋಗಿದೆ. ಬದಲಿಗೆ ಒಂದು ಚಿಕ್ಕ ಪ್ರೋಗ್ರಾಂ ಹಿಂದೆ ಓಡುತ್ತಿರುತ್ತೆ, ವೆಬ್ ಪುಟ ಅದರ ಜೊತೆ ಗುಟ್ಟಾಗಿ ಮಾತಾಡುತ್ತೆ. ನನಗೇನೋ ಇದು ಹೆಸರು ಬದಲಾಯಿಸಿಕೊಂಡ ಪ್ಲಗಿನ್ ಅಂತಲೇ ಅನಿಸುತ್ತೆ.

ಹಂಪನಕಟ್ಟೆ ಡಿಸೈನರ್ (2.25)

ಸುಮ್ನೆ ನಮ್ಮ ಊರಿನವರಿಗೇ ಬೈದು ಉಪಯೋಗವಿಲ್ಲ. ಅಡೋಬಿ 2017ರ ಜುಲೈನಲ್ಲೇ ಹೇಳಿತ್ತು, 2020ರ ಡಿಸೆಂಬರ್ 31ಕ್ಕೆ ಫ್ಲ್ಯಾಶ್ ಮುಗಿಯಿತು ಅಂತ. ಮೂರು ವರ್ಷಕ್ಕಿಂತ ಜಾಸ್ತಿ ಸಮಯ. 2021ರ ಜನವರಿ 12ರಿಂದ ಫ್ಲ್ಯಾಶ್ ತಾನೇ ಓಡಲು ನಿರಾಕರಿಸಿತು. ದಕ್ಷಿಣ ಆಫ್ರಿಕಾದ ತೆರಿಗೆ ಇಲಾಖೆಯ ಕೆಲವು ಫಾರ್ಮ್‌ಗಳು ಆಗಲೂ ಫ್ಲ್ಯಾಶ್‌ನಲ್ಲೇ ಇದ್ದವು. ಅವರು ಎಂತ ಮಾಡಿದರು ಗೊತ್ತಾ? ಆ ಫಾರ್ಮ್ ತುಂಬಲಿಕ್ಕೆಂದೇ ತಮ್ಮದೇ ಒಂದು ಬ್ರೌಸರ್ ಮಾಡಿ ಬಿಟ್ಟರು! ಫಾರ್ಮ್ ಬದಲಾಯಿಸುವ ಬದಲು ಬ್ರೌಸರ್.

ಬಿಜೈ ಸೆಕ್ರೆಟರಿ (2.31)

ಚಪ್ಪಲಿ ಕಚ್ಚುತ್ತದೆ ಅಂತ ಕಾಲು ಕೆತ್ತಿದ ಹಾಗೆ.

ಕಾರ್ಕಳ ಟೀಚರ್ (4.45)

ಶಾಲೆಯ ಕಡೆಯಿಂದ ಒಂದು ಮಾತು. ನಮ್ಮಲ್ಲಿ ವಿಜ್ಞಾನ, ಗಣಿತದ ಸಿಡಿಗಳ ಒಂದು ಪೆಟ್ಟಿಗೆ ಉಂಟು. ಹೃದಯ ಬಡಿಯುವುದು, ಜ್ವಾಲಾಮುಖಿ, ಗ್ರಹಣ, ಎಲ್ಲ ಫ್ಲ್ಯಾಶ್ ಪಾಠಗಳು. 2021ರಲ್ಲಿ ಲಾಕ್‌ಡೌನ್ ಮುಗಿದು ಮಕ್ಕಳು ಬಂದಾಗ ಪ್ರೊಜೆಕ್ಟರ್ ಹಾಕಿದರೆ ಬರೀ ಬೂದು ಬಣ್ಣದ ಚೌಕ. 'ಟೀಚರ್, ಹೃದಯ ನಿಂತಿದೆ' ಅಂದ ಒಬ್ಬ. ಇಡೀ ತರಗತಿ ನಕ್ಕಿತು, ನಾನೂ ನಕ್ಕೆ. ಮನೆಗೆ ಬಂದ ಮೇಲೆ ಬೇಜಾರಾಯಿತು. ಆ ಪಾಠ ಚೆನ್ನಾಗಿತ್ತು. ಕನ್ನಡದಲ್ಲಿತ್ತು. ಕವಾಟ ಮುಚ್ಚುವಾಗ 'ಲಬ್' ಅಂತ ಸದ್ದು ಬರುತ್ತಿತ್ತು.

ಮಣಿಪಾಲ ಹಾಸ್ಟೆಲ್ (5.00)

ಟೀಚರ್, ಸಿಡಿಯಲ್ಲಿ ಡಾಟ್ ಇಎಕ್ಸ್‌ಇ ಫೈಲ್ ಏನಾದರೂ ಇದೆಯಾ ನೋಡಿ. ಕೆಲವರು ಫ್ಲ್ಯಾಶನ್ನು ಪ್ಲೇಯರ್ ಸಮೇತ ಕಟ್ಟಿ ಕೊಡುತ್ತಿದ್ದರು. ಅದಕ್ಕೆ ಬ್ರೌಸರಿನ ಹಂಗಿಲ್ಲ, ಇವತ್ತಿಗೂ ಓಡುತ್ತೆ. ಪ್ಲೇಯರ್ ಇಲ್ಲದ ಬರೀ ಡಾಟ್ ಎಸ್‌ಡಬ್ಲ್ಯುಎಫ್ ಫೈಲ್ ಇದ್ದರೆ ರಫಲ್ ಹಾಕಿ. ಅದು ಫ್ಲ್ಯಾಶ್‌ನ ವೇಷ ಹಾಕುವ ಬೇರೆ ಪ್ರೋಗ್ರಾಂ, ಉಚಿತ. ಇಂಟರ್‌ನೆಟ್ ಆರ್ಕೈವ್‌ನವರು 2020ರ ನವೆಂಬರ್‌ನಿಂದ ಹಳೇ ಫ್ಲ್ಯಾಶ್‌ಗಳನ್ನು ಇದರಲ್ಲೇ ಓಡಿಸುತ್ತಿದ್ದಾರೆ. ತುಂಬ ಹಳೇ ಪಾಠಗಳು ಚೆನ್ನಾಗಿ ನಡೆಯುತ್ತವೆ. ಆಮೇಲಿನ ಕಾಲದ ಫ್ಲ್ಯಾಶ್ ಭಾಷೆ ಆಕ್ಷನ್‌ಸ್ಕ್ರಿಪ್ಟ್ 3ರಲ್ಲಿ ಬರೆದವು ಕೆಲವು ಮುಗ್ಗರಿಸುತ್ತವೆ.

ಒಂದು ವಿಷಯ ಮಾತ್ರ ಮಕ್ಕಳಿಗೂ ಹೇಳಿಬಿಡಿ. ಗೂಗಲ್‌ನಲ್ಲಿ ಫ್ಲ್ಯಾಶ್ ಪ್ಲೇಯರ್ ಡೌನ್‌ಲೋಡ್ ಅಂತ ಹುಡುಕಿ ಸಿಕ್ಕಿದ್ದನ್ನು ಹಾಕಬೇಡಿ. ಫ್ಲ್ಯಾಶ್ ಇದ್ದಾಗಲೇ ಅದರ ಅಪ್‌ಡೇಟ್ ಹೆಸರಿನಲ್ಲಿ ವೈರಸ್ ಹಂಚುತ್ತಿದ್ದರು, ಈಗ ಅಸಲಿ ಇಲ್ಲವೇ ಇಲ್ಲ.

ಕಾರ್ಕಳ ಟೀಚರ್ (5.08)

ಇಎಕ್ಸ್‌ಇ ಇರುವ ಸಿಡಿ ಎರಡು ಉಂಟು ಅಂತ ನೆನಪು. ನಾಳೆ ನೋಡುತ್ತೇನೆ ತಮ್ಮ. ಅಮೆರಿಕದ ಕೊಲರಾಡೋ ವಿಶ್ವವಿದ್ಯಾಲಯದವರ ಫೆಟ್ ಅನ್ನುವ, ಕಂಪ್ಯೂಟರಿನಲ್ಲೇ ಮಾಡುವ ಪ್ರಯೋಗಗಳನ್ನೂ ನಾವು ಬಳಸುತ್ತೇವೆ. ಅವೂ ಮೊದಲು ಜಾವಾ, ಫ್ಲ್ಯಾಶ್‌ನಲ್ಲಿದ್ದವು. ಅವರು ಹಟ ಹಿಡಿದು ಒಂದೊಂದನ್ನೇ ಎಚ್‌ಟಿಎಂಎಲ್5ಗೆ ತಿರುಗಿಸಿದರು. ಈಗ ಮಕ್ಕಳ ಮನೆಯ ಮೊಬೈಲಿನಲ್ಲೂ ಓಡುತ್ತೆ. ನಮ್ಮ ಸಿಡಿ ಮಾಡಿದ ಕಂಪನಿಗೆ ಫೋನ್ ಮಾಡಿದರೆ ನಂಬರೇ ಇಲ್ಲ.

ಕಿವಿಯೇ ಕಣ್ಣು (7.20)

ನನಗೆ ಕಣ್ಣು ಕಾಣುವುದಿಲ್ಲ, ಸ್ಕ್ರೀನ್ ರೀಡರ್‌ನಲ್ಲಿ ಕೇಳಿ ಓದುತ್ತೇನೆ. ನೀವೆಲ್ಲ ಫ್ಲ್ಯಾಶ್ ಸತ್ತ ಮೇಲಿನ ಕಷ್ಟ ಹೇಳುತ್ತಿದ್ದೀರಿ. ನಮಗೆ ಅದು ಬದುಕಿದ್ದಾಗಲೇ ಕಷ್ಟ. ಪುಟ ತೆರೆದರೆ ರೀಡರ್ ಹೇಳುವುದು: ಬಟನ್, ಬಟನ್, ಬಟನ್. ಯಾವುದರ ಬಟನ್? ಮಾಡಿದವರು ಹೆಸರು ಕೊಟ್ಟಿಲ್ಲ. ಟ್ಯಾಬ್ ಒತ್ತುತ್ತಾ ಹೋದರೆ ಫ್ಲ್ಯಾಶ್ ಒಳಗೆ ಹೋಗುತ್ತಿತ್ತು, ಹೊರಗೆ ಬರುತ್ತಿರಲಿಲ್ಲ. ಮೌಸ್ ಇದ್ದವರು ಹೊರಗೆ ಒಂದು ಕ್ಲಿಕ್ ಮಾಡುತ್ತಾರೆ. ನಾನು ಬ್ರೌಸರನ್ನೇ ಮುಚ್ಚಿ ಮೊದಲಿನಿಂದ ಶುರು ಮಾಡಬೇಕಿತ್ತು. ಹಂಪನಕಟ್ಟೆ ಅಣ್ಣನ ಅಂಜಲ್ ನನಗೆ ಯಾವತ್ತೂ ಸಿಕ್ಕಿರಲಿಕ್ಕಿಲ್ಲ.

ಈಗಿನ ವಿಡಿಯೋ ಟ್ಯಾಗ್‌ನಲ್ಲಿ ಪ್ಲೇ, ಪಾಸ್, ವಾಲ್ಯೂಮ್ ಎಲ್ಲವನ್ನೂ ಬ್ರೌಸರೇ ಕೊಡುತ್ತೆ, ರೀಡರ್ ಹೆಸರು ಹಿಡಿದು ಹೇಳುತ್ತೆ. ಆದರೂ ಕೆಲವರು ಅದನ್ನು ತೆಗೆದು ತಮ್ಮದೇ ಚಂದದ ಬಟನ್ ಹಾಕುತ್ತಾರೆ. ಪುನಃ ಬಟನ್, ಬಟನ್, ಬಟನ್.

ಹಂಪನಕಟ್ಟೆ ಡಿಸೈನರ್ (7.41)

ಓದಿದೆ. ಆ ಆರು ವರ್ಷದಲ್ಲಿ ಒಂದೇ ಒಂದು ಬಟನ್‌ಗೂ ನಾನು ಹೆಸರು ಕೊಟ್ಟಿಲ್ಲ. ಕೊಡಬೇಕು ಅಂತಲೇ ಗೊತ್ತಿರಲಿಲ್ಲ. ತಪ್ಪಾಯಿತು.

ಲೆಕ್ಕದ ಪುಸ್ತಕ (8.02)

ಕೇಳುಗರೇ, ಭಾವನಿಂದ ಸುದ್ದಿ ಬಂತಾ?

ಕಿನ್ನಿಮುಲ್ಕಿ ಕೇಳುಗ (ಬುಧವಾರ, ರಾತ್ರಿ 9.30)

ಬಂತು. ಭಾವನ ಉಡುಪಿಯ ಮನೆಯ ಅಟ್ಟದಲ್ಲಿ ಮಸ್ಕತ್‌ನಿಂದ ತಂದ ಸೂಟ್‌ಕೇಸ್, ಅದರೊಳಗೆ ಟವೆಲಿನಲ್ಲಿ ಸುತ್ತಿದ ಹಾರ್ಡ್ ಡಿಸ್ಕ್. ಹಳೇ ಅಗಲ ಪಟ್ಟಿಯ ಕೇಬಲಿನದ್ದು. ಅದಕ್ಕೆ ಹೊಂದುವ ಯುಎಸ್‌ಬಿ ಕನ್ವರ್ಟರ್‌ಗೆ ಮೂರು ಅಂಗಡಿ ಸುತ್ತಿದೆ. ಕೊನೆಗೆ ಸಿಕ್ಕಿದ್ದು ರಿಪೇರಿ ಅಂಗಡಿಯವರ ಸ್ವಂತದ್ದು, ಎರಡು ದಿನಕ್ಕೆ ಸಾಲ ಕೊಟ್ಟರು.

ಡಿಸ್ಕ್ ಮೊದಲು ಕರಕರ ಅಂತು, ಆಮೇಲೆ ತಿರುಗಿತು. 19 ಡಾಟ್ ಆರ್‌ಎಂ ಫೈಲ್ ಉಂಟು! ವಿಎಲ್‌ಸಿಗೆ ಎಳೆದು ಹಾಕಿದೆ, ಏನೂ ಕೇಳದೆ ಶುರುವಾಯಿತು. ಸ್ವರ ಡಬ್ಬದೊಳಗಿಂದ ಬಂದ ಹಾಗೆ. ದೊಡ್ಡಮ್ಮ ಹತ್ತಿರ ಬಂದು ಕೂತರು. ಮೊದಲು ಹೇಳಿದ್ದು 'ಈ ಚೆಂಡೆ ಎಂತ, ಡಾಲ್ಡಾ ಡಬ್ಬ ಬಡಿದ ಹಾಗೆ'. ಸ್ವಲ್ಪ ಹೊತ್ತು ಬಿಟ್ಟು 'ಮಳೆ ಕೇಳ್ತದಾ? ಅದು ಅಂಬಲಪಾಡಿಯ ಆ ಮನೆಯ ಸಿಮೆಂಟ್ ಶೀಟಿನ ಮೇಲೆ ಬಿದ್ದದ್ದು' ಅಂದರು. ಆಮೇಲೆ ಮಾತಾಡಲಿಲ್ಲ. ವಾಲಿ ಬಿದ್ದು ರಾಮನನ್ನು ಪ್ರಶ್ನೆ ಮಾಡುವಲ್ಲಿವರೆಗೆ ಕೂತಿದ್ದರು.

ಒಂದು ಫೈಲ್ 41ನೇ ನಿಮಿಷಕ್ಕೆ ನಿಲ್ಲುತ್ತದೆ, ದೊಡ್ಡಪ್ಪನ ಮಾತು ಅರ್ಧದಲ್ಲಿರುವಾಗ. ಅದಕ್ಕೆ ಏನಾದರೂ ಮಾಡಬಹುದಾ? ಮತ್ತೆ ಎಲ್ಲವನ್ನೂ ಎಂಪಿ3 ಮಾಡಿ ಇಟ್ಟರೆ ಸಾಕಾ?

ಮಣಿಪಾಲ ಹಾಸ್ಟೆಲ್ (9.44)

ಸರ್, ತುಂಬ ಖುಷಿಯಾಯಿತು. ಎಂಪಿ3 ಕೇಳಲಿಕ್ಕೆ ಮಾಡಿ, ಆದರೆ ಆರ್‌ಎಂ ಮೂಲವನ್ನು ಅಳಿಸಬೇಡಿ. ಒಮ್ಮೆ ಹಿಂಡಿದ್ದನ್ನು ಇನ್ನೊಮ್ಮೆ ಹಿಂಡಿದರೆ ಉಳಿದ ಸ್ವಲ್ಪವೂ ಸೋರಿ ಹೋಗುತ್ತೆ. ಇಡಲಿಕ್ಕೆ ಅಂತ ಫ್ಲ್ಯಾಕ್ ಅನ್ನುವ ಆಡಿಯೋ ಬಗೆಯಲ್ಲಿ ಒಂದು ಪ್ರತಿ ಮಾಡುವ, ಅದರಲ್ಲಿ ಏನೂ ಕಳೆಯುವುದಿಲ್ಲ. 41ನೇ ನಿಮಿಷದ್ದು ಫೈಲ್ ಅರ್ಧಕ್ಕೆ ತುಂಡಾಗಿರಬಹುದು, ಅಥವಾ ನಡುವೆ ಎಲ್ಲೋ ಕೆಟ್ಟಿರಬಹುದು. ಎಫ್‌ಎಫ್‌ಎಂಪೆಗ್ ಅನ್ನುವ ಪ್ರೋಗ್ರಾಂನಲ್ಲಿ ಕೆಟ್ಟ ಜಾಗ ಹಾರಿಸಿ ಮುಂದೆ ಓದಿಸಿ ನೋಡುವ. ಫೈಲ್ ಎಷ್ಟು ಎಂಬಿ ಇದೆ?

ಕಿನ್ನಿಮುಲ್ಕಿ ಕೇಳುಗ (9.47)

8.9.

ಮಣಿಪಾಲ ಹಾಸ್ಟೆಲ್ (9.49)

20 ಕೆಬಿಪಿಎಸ್ ಆಗಿದ್ದರೆ ಅದು ಹತ್ತಿರ ಹತ್ತಿರ ಒಂದು ಗಂಟೆ ಸರ್. ಮುಂದಿನ ಮಾತು ಒಳಗೇ ಉಂಟು. ನಾಳೆ ಸಂಜೆ ಐದರ ನಂತರ ಟೈಗರ್ ಸರ್ಕಲ್ ಹತ್ತಿರ ಬನ್ನಿ, ಲ್ಯಾಪ್‌ಟಾಪ್ ತರುತ್ತೇನೆ. ಡಿಸ್ಕ್ ತರಬೇಡಿ. ಇವತ್ತು ರಾತ್ರಿಯೇ ಎರಡು ಪೆನ್‌ಡ್ರೈವ್‌ಗೆ ಕಾಪಿ ಮಾಡಿ, ಒಂದನ್ನು ದೊಡ್ಡಮ್ಮನ ಹತ್ತಿರ ಬಿಟ್ಟು ಇನ್ನೊಂದನ್ನು ತನ್ನಿ. ಕಾಪಿ ಆದ ಮೇಲೆ ಒಂದೊಂದು ಫೈಲಿನ ಸೈಜೂ ನೋಡಿ. 1 ಕೆಬಿ ಇರಬಾರದು!